ದಪ್ಪ ಸದ್ದು

ಏಪ್ರಿಲ್ 2, ಬುಧವಾರ

ಬೆಳಿಗ್ಗೆ ವ್ಯಾನ್ ಸ್ಟಾರ್ಟ್ ಆಗಲು ಹಠ ಮಾಡಿತು. ಪಣಕಹಳ್ಳಿ ಮಕ್ಕಳನ್ನು ತುಂಬಿಕೊಂಡು ತಾಳವಾಡಿಯ ಸ್ಕೂಲ್ ಗೇಟ್ ಮುಟ್ಟುವಾಗ ಬೆಲ್ ಹೊಡೆದಾಗಿತ್ತು. ವಾಚ್‌ಮನ್ ನೋಡಿದ ನೋಟ ನೋಡಬೇಕಿತ್ತು, ಬೆಲ್ ನಾನೇ ಕದ್ದ ಹಾಗೆ.

ಸೆಕೆ. ಆಕಾಶ ಬರೀ ಬಿಳಿ. ಮಳೆ ಹುಚ್ಚಿನವರ ನಮ್ಮ ಕಾರ್ಮೋಡ ವಾಟ್ಸಾಪ್ ಗ್ರೂಪಿನಲ್ಲಿ ಸೋಮಶೇಖರ್ ಮಳೆ ಮ್ಯಾಪ್ ಮೇಲೆ ಮ್ಯಾಪ್ ಹಾಕುತ್ತಿದ್ದಾನೆ. ಅವನ ಬೀಜದಂಗಡಿಗೆ ಗಿರಾಕಿ ಇಲ್ಲ ಅಂತ ಅರ್ಥ. ದೊಡ್ಡಗಾಜನೂರಿನ ನಟರಾಜ ಈಗ ಕಡಲೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾನೆ, ಸಮುದ್ರದ ಪಕ್ಕ ಮನೆ. ಅಲ್ಲಿಂದ ದಿನಾ ಒಂದು ಮೋಡದ ಫೋಟೋ. ಚಾಮರಾಜನಗರದ ರಂಜಿತ ಮೇಡಂ ಕಾಲೇಜಿನಲ್ಲಿ ಪಾಠ ಮಾಡುವುದಕ್ಕಿಂತ ಕಿಟಕಿ ನೋಡುವುದೇ ಹೆಚ್ಚು. ಹೆಂಡತಿ ಸುಧಾಮಣಿ ನಮ್ಮನ್ನು "ಕೆಲ್ಸ ಇಲ್ದೋರ ಸಂಘ" ಅನ್ನುತ್ತಾಳೆ.

ಸಂಜೆ ಮಗಳು ಅನೂಗೆ ಕೇಳಿಸಿಕೊಳ್ಳುವ ಪಾಠ. ಕಿವಿ ಮಿಷನ್ ಹಾಕಿ, ಬೊಂಬೆ ಕೊಟ್ಟು, ಬೆನ್ನ ಹಿಂದೆ ನಿಂತು ಕರೆಯುವುದು. ಸುಧಾ ಕರೆದಳು — ತಿರುಗಿದಳು. ಕುಕ್ಕರ್ ವಿಷಲ್ — ತಿರುಗಿದಳು. ಅವ್ವ ಲೋಟಕ್ಕೆ ಚಮಚ ತಟ್ಟಿದಳು — ತಿರುಗಿ ನಕ್ಕಳು.

ನಾನು ಕರೆದೆ. ಇಲ್ಲ. ಮತ್ತೆ ಕರೆದೆ. ಬೊಂಬೆಯ ತಲೆ ಬಾಚುತ್ತಾ ಕೂತಿದ್ದಳು.

ಏಪ್ರಿಲ್ 5, ಶನಿವಾರ

ಕೊಯಮತ್ತೂರಿನ ಕಿವಿ ಆಸ್ಪತ್ರೆಗೆ ಹೋಗಿ ಬಂದೆವು. ದಿಂಬಂ ಘಾಟಿಯಲ್ಲಿ ಅನು ವಾಂತಿ ಮಾಡಿಕೊಂಡಳು, ಸುಧಾಳ ಹೊಸ ಸೀರೆಯ ಮೇಲೆ. ಮಿಷನ್ ಮಾತ್ರ ಒದ್ದೆಯಾಗದ ಹಾಗೆ ಮೇಲೆ ಹಿಡಿದುಕೊಂಡಿದ್ದಳು ಸುಧಾ. ಸೀರೆ ಹಾಳಾಗಲಿ.

ಅಲ್ಲಿನ ಮೇಡಂ ಮಿಷನ್ನಿಗೂ ಕಂಪ್ಯೂಟರಿಗೂ ವೈರ್ ಜೋಡಿಸಿ ಏನೇನೋ ಏರಿಸಿ ಇಳಿಸಿದರು. ಕಿವಿಯ ಆಪರೇಷನ್ ಚೆನ್ನಾಗಿ ಆಗಿದೆ, ಸಣ್ಣ ಸದ್ದುಗಳು ಬಂದಿವೆ, ಬಹಳ ಒಳ್ಳೆಯ ಮಗು ಅಂದರು. ತಮಿಳಿನಲ್ಲಿ ಕೇಳಿದೆ — ನನ್ನ ದನಿ ಯಾಕೆ ಕೇಳಿಸಲ್ಲ? ಮೇಡಂ ಸ್ಕ್ರೀನಿನ ಮೇಲೆ ಬೆರಳಿಟ್ಟು ತೋರಿಸಿದರು. ನಿಮ್ಮದು ದಪ್ಪ ಸದ್ದು ಸರ್, ಡೋಲು, ಇಂಜಿನ್, ನಿಮ್ಮಂಥ ದನಿ, ಇವು ಕೆಲವು ಮಕ್ಕಳಿಗೆ ತಡವಾಗಿ ಬರುತ್ತವೆ. ಬರದೇ ಇದ್ದರೆ? ಅಂದೆ. ಕಾಯೋಣ ಅಂದರು.

ಕಾಯೋಣ ಅನ್ನುವ ಮಾತು ಎಲ್ಲಾ ಆಸ್ಪತ್ರೆಗಳಲ್ಲೂ ಒಂದೇ.

ಮನೆಯಲ್ಲಿ ದಪ್ಪ ಸದ್ದು ಏನೇನಿದೆ ಅಂತ ಮೇಡಂ ಕೇಳಿದರು. ಸುಧಾ ಬೆರಳು ಮಾಡಿ ನನ್ನನ್ನೇ ತೋರಿಸಿದಳು. ಮೇಡಂ ನಕ್ಕರು, ನಾನೂ ನಕ್ಕೆ. ಆಮೇಲೆ ಹೊಳೆಯಿತು, ಹೇಳಿಬಿಟ್ಟೆ — ಗುಡುಗು.

ಅವರಿಗೆ ಆ ಕಥೆ ಗೊತ್ತಿಲ್ಲ. ಅನೂಗೆ ಒಂದು ವರ್ಷ ತುಂಬಿದ ಬೇಸಿಗೆ. ಗ್ರೂಪಿಗೆ ಹಾಕಲು ಅಂಗಳದಲ್ಲಿ ನಿಂತು ಮಿಂಚಿನ ವಿಡಿಯೋ ಮಾಡುತ್ತಿದ್ದೆ. ಸಿಡಿಲು ತೆಂಗಿನ ಮರದ ಹತ್ತಿರವೇ ಬಿತ್ತು. ಅವ್ವ ಕಿರುಚಿದಳು, ನಾಯಿ ಮಂಚದ ಕೆಳಗೆ ತೂರಿತು, ನನ್ನ ಕೈಯಿಂದ ಫೋನ್ ಬೀಳುವುದು ಬಾಕಿ. ವಿಡಿಯೋದ ಮೂಲೆಯಲ್ಲಿ ಅನು ಚೊಂಬಿನಿಂದ ಲೋಟಕ್ಕೆ ನೀರು ಹುಯ್ಯುತ್ತಿದ್ದಾಳೆ. ಕಣ್ಣು ಕೂಡ ಮಿಟುಕಿಸಲಿಲ್ಲ. ಗ್ರೂಪಿನಲ್ಲಿ ಎಲ್ಲರೂ ಧೈರ್ಯವಂತೆ ಅಂದರು. ಸುಧಾ ಒಬ್ಬಳೇ ಆ ವಿಡಿಯೋವನ್ನು ಮತ್ತೆ ಮತ್ತೆ ಹಾಕಿ ನೋಡಿದಳು. ಆಮೇಲೆ ಫೋನ್ ಕೆಳಗಿಟ್ಟು ಒಳಗೆ ಹೋದಳು.

ಅವಳಿಗೆ ಕಿವಿ ಕೇಳಿಸಲ್ಲ ಅಂತ ಗುಡುಗಿನಿಂದಲೇ ಗೊತ್ತಾಯಿತು. ಗುಡುಗಿನಿಂದಲೇ ಸರಿಯಾಗಲಿ ಅಂತ ನನ್ನ ಆಸೆ. ಗುಡುಗು ಕೇಳಿಸಿದರೆ ಅಪ್ಪನೂ ಕೇಳಿಸುತ್ತಾನೆ.

ಏಪ್ರಿಲ್ 9, ಬುಧವಾರ

ಗ್ರೂಪಿಗೆ ಜ್ವರ ಬಂದಿದೆ. ಶುಕ್ರವಾರ ದೊಡ್ಡ ಮಳೆ! ಪೂರ್ವದ ಗಾಳಿ, ಪಶ್ಚಿಮದ ಸೆಕೆ, ಬಿಳಿಗಿರಿ ಬೆಟ್ಟದ ತಲೆ ಮೇಲೆ ಎರಡೂ ಸೇರುತ್ತವೆ. ಮ್ಯಾಪಿನಲ್ಲಿ ತಾಳವಾಡಿ ನೇರಳೆ ಬಣ್ಣ. ನೇರಳೆ ಅಂದರೆ ಕೆಂಪಿಗಿಂತ ಮೇಲೆ. ಅಮೆರಿಕದ ಹವಾಮಾನ ಮಾಡೆಲ್ ಒಂದೇ ಏನೂ ಇಲ್ಲ ಅನ್ನುತ್ತಿದೆ. ಅಮೆರಿಕದವರಿಗೆ ದಿಂಬಂ ಗೊತ್ತಾ ಅಂತ ಸೋಮಶೇಖರ್.

ನಟರಾಜ ಅರ್ಧ ದಿನ ರಜೆ ಹಾಕಿದ್ದಾನೆ. ಸಾಯಂಕಾಲ ನಮ್ಮ ಮೋಡ ಕಡಲೂರು ಮುಟ್ಟಿ ಸಮುದ್ರದ ಗಾಳಿಗೆ ಸಿಕ್ಕಿ ಸಿಡಿಯುತ್ತದಂತೆ.

ಸೋಮಶೇಖರನಿಗೆ ಮಾತ್ರ ಅನು ವಿಷಯ, ನನ್ನ ಗುಡುಗಿನ ಆಸೆ ಹೇಳಿದೆ. ಯಾರಿಗೂ ಹೇಳಬೇಡ ಅಂದೆ. ಆಗಲಿ ಅಂದ.

ರೇವತಿ ಮಳೆ ನೆಚ್ಚಬೇಡ ಅನ್ನುತ್ತಾಳೆ ಅವ್ವ. "ಭರಣಿ ಬರ್ಲಿ ಇರ್ಲಾ. ನಿನ್ ಫೋನ್ಗಿಂತ ಪಂಚಾಂಗ ವಾಸಿ." ನಮ್ಮವ್ವ ಚನ್ನಮಲ್ಲಮ್ಮನ ಜೊತೆ ವಾದ ಮಾಡಿ ಗೆದ್ದವರು ಪಣಕಹಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ.

ಏಪ್ರಿಲ್ 11, ಶುಕ್ರವಾರ, ಮಧ್ಯಾಹ್ನ 1

ಬಂತು. ಬೆಟ್ಟದ ಹಿಂದೆ ಹೂಕೋಸಿನ ಹಾಗೆ ಮೋಡ ಏಳುತ್ತಿದೆ. ಒಂದರ ಮೇಲೊಂದು. ಫೋಟೋ ಹಾಕಿದೆ. ಹತ್ತು ಜನ ಹಾರ್ಟ್ ಹಾಕಿದರು.

ಸುಧಾ ಟೈಲರಿಂಗ್ ಕ್ಲಾಸಿಗೆ ಹೋಗಿದ್ದಾಳೆ. ಅನು ಅವ್ವನ ಹತ್ತಿರ. ಬೆಳಿಗ್ಗೆಯೇ ಮಿಷನ್‌ಗೆ ಹೊಸ ಬ್ಯಾಟರಿ ಹಾಕಿ ಬಂದಿದ್ದೇನೆ. ಮಕ್ಕಳನ್ನು ಇಳಿಸಿ ಸೀದಾ ಮನೆ.

ಸಂಜೆ 7

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೂ ಆಗಲ್ಲ.

ಮೊದಲ ಗುಡುಗು ಕೊನೆಯ ಸ್ಟಾಪಿನಲ್ಲಿ ಕೇಳಿತು. ದೂರ, ಆದರೆ ದಪ್ಪ. ಮಕ್ಕಳು ಓ ಅಂದರು. ದಾರಿಯಲ್ಲಿ ಇನ್ನೆರಡು. ಧೂಳು, ಗಾಳಿ, ರಸ್ತೆ ಕಾಣಿಸದು. ವ್ಯಾನ್ ಅಂಗಳದಲ್ಲಿ ನಿಲ್ಲಿಸಿ ಇಳಿದರೆ ಕಾಲಿಗೆ ಕುಡುಗೋಲು ಸಿಕ್ಕಿತು. ಪಕ್ಕದಲ್ಲಿ ಗುದ್ದಲಿ, ಮಚ್ಚು. ಸಿಡಿಲಿನ ಹೊತ್ತಿಗೆ ಮನೆಯ ಕಬ್ಬಿಣವನ್ನೆಲ್ಲ ಅಂಗಳಕ್ಕೆ ಎಸೆಯುವುದು ನಮ್ಮ ಕಡೆ ಮೊದಲಿಂದ ಇದ್ದದ್ದೇ. ಟಿವಿ ಪ್ಲಗ್ ಕಿತ್ತಿತ್ತು. ಅನು ಜಗುಲಿಯ ಮೇಲೆ ಬರೀ ತಲೆಯಲ್ಲಿ ಕೂತಿದ್ದಳು.

"ಮಿಷನ್ ಎಲ್ಲವ್ವಾ?"

"ತಗ್ದು ಮಡಗಿವ್ನಿ ಕಣ್ಲಾ. ಸಿಡ್ಲು ಒಡೀತಾ ಅದೆ, ಮಗಿನ ತಲೆ ಮ್ಯಾಲೆ ಕರೆಂಟಿನ ಸಾಮಾನು ಬುಟ್ಟಾರಾ ಯಾರಾದ್ರೂ?"

ರಾಗಿ ಗುಡಾಣದ ಒಳಗೆ. ಕಂಬಳಿ ಚೂರಿನಲ್ಲಿ ಸುತ್ತಿ. ಮೊಣಕೈವರೆಗೆ ರಾಗಿಯಲ್ಲಿ ಕೈ ಬಿಟ್ಟು ತೆಗೆದೆ. ಊದಿದೆ, ಒರೆಸಿದೆ, ತಲೆಗೆ ಹಿಡಿದೆ. ಮ್ಯಾಗ್ನೆಟ್ ಟಕ್ ಅಂತ ಕೂತಿತು. ಹಸಿರು ಲೈಟ್ ಬಂತು. ಅನೂನ ಎತ್ತಿಕೊಂಡು ಅಂಗಳದಲ್ಲಿ ನಿಂತೆ.

ನಿಂತೇ ಇದ್ದೆ.

ನಾಲ್ಕು ಹನಿ. ಧೂಳಿನ ವಾಸನೆ. ಬೆಟ್ಟದ ಕಡೆ ಬಿಸಿಲು ಬಂತು. ಇನ್ನೊಂದು ಗುಡುಗು ಇಲ್ಲ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು, ಆ ಇಲಿಯೂ ನನ್ನ ಮಗಳಿಗೆ ಸಿಗಲಿಲ್ಲ.

ಅವ್ವನಿಗೆ ಬೈದೆ. "ನಿನ್ ಪೆದ್ದತನದಿಂದ ನನ್ ಮಗಿಗೆ ಕಿವಿ ಇದ್ದೂ ಇಲ್ದಂಗಾಯ್ತು" ಅಂದೆ. ಅನು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅವ್ವ ಅಂಗಳಕ್ಕೆ ಹೋಗಿ ಕುಡುಗೋಲು, ಗುದ್ದಲಿ ಒಂದೊಂದೇ ಎತ್ತಿ ತಂದಳು.

ಈಗ ನಟರಾಜನ ವಿಡಿಯೋ ಬಂತು. ಟೆರೇಸು, ಕತ್ತಲು, ದೂರ ಸಮುದ್ರದ ಮೇಲೆ ಒಂದು ಮಿಣುಕು. ಅಷ್ಟೇ. ಆಮೇಲೆ ಪಕ್ಕದ ಮನೆಯವರು ಎತ್ತಿಕೊಂಡು ಹೋಗಿದ್ದ ಬಟ್ಟೆಯನ್ನು ಮತ್ತೆ ತಂದು ಹರವುತ್ತಿದ್ದಾರೆ. "ಇದಕ್ಕೆ ರಜೆ ಹಾಕಿದೆನಲ್ಲಪ್ಪ" ಅಂತ ಕೆಳಗೆ ಬರೆದಿದ್ದಾನೆ. ಸೋಮಶೇಖರ್: "ಮಳೆ ಗೇಜಿನ ತಳ ಒದ್ದೆ ಆಗಿದೆ. ಅಳೆಯೋಕೆ ಬರಲ್ಲ." ರಂಜಿತ ಮೇಡಂ: "ಸಂತಾಪ ಸಭೆ ಎಷ್ಟೊತ್ತಿಗೆ?" ಬೇರೆ ದಿನ ಆಗಿದ್ದರೆ ನಾನೂ ಒಂದು ಹಾಕುತ್ತಿದ್ದೆ.

ಏಪ್ರಿಲ್ 12, ಶನಿವಾರ

ಅವ್ವ ರಾತ್ರಿ ಊಟ ಮಾಡಲಿಲ್ಲವಂತೆ. ಬೆಳಿಗ್ಗೆ ಕಾಫಿ ತಂದು ಮುಂದೆ ಕುಕ್ಕಿ ಹೋದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತಾ?

ಸುಧಾ ನನ್ನನ್ನು ಕೂರಿಸಿ ಹೇಳಿದಳು. ಬೈಯಲಿಲ್ಲ, ಅದೇ ಕಷ್ಟ. "ಅತ್ತೆ ತಂಗಿ ಎಂಗೆ ಸತ್ರು ಅಂತ ನಿಮ್ಗೆ ಗೊತ್ತಿಲ್ವಾ?" ಗೊತ್ತು. ಹುಣಸೆ ಮರದ ಕೆಳಗೆ ಸಿಡಿಲು ಬಡಿದು, ಕೈಯಲ್ಲಿ ಕುಡುಗೋಲು ಇತ್ತು. ಅವ್ವ ಹತ್ತು ಮಾರು ದೂರದಲ್ಲಿದ್ದಳು. ಚಿಕ್ಕಂದಿನಿಂದ ಕೇಳಿದ್ದೇನೆ. ನಿನ್ನೆ ಅದು ನೆನಪಾಗಲೇ ಇಲ್ಲ, ನನಗೆ ಬರೀ ನನ್ನ ದನಿಯದೇ ಚಿಂತೆ.

ಕೊಯಮತ್ತೂರಿನ ಮೇಡಂಗೆ ಫೋನ್ ಮಾಡಿ ಅವ್ವನ ಕೈಗೆ ಕೊಟ್ಟೆ. ಅವ್ವ ಸಂತೆಯ ತಮಿಳಿನಲ್ಲಿ ಎಲ್ಲಾ ಕೇಳಿದಳು. ಮನೆಯೊಳಗಿದ್ದರೆ ಏನೂ ಆಗಲ್ವಾ, ಸತ್ಯವಾಗಿಯೂ ಆಗಲ್ವಾ, ನಿಮ್ಮ ಮಗುವಾದರೆ ನೀವು ಬಿಡ್ತೀರಾ. ಮೇಡಂ ಎಲ್ಲದಕ್ಕೂ ಉತ್ತರ ಕೊಟ್ಟರು, ಬಯಲಿಗೆ ಮಾತ್ರ ಬಿಡಬೇಡಿ ಅಂದರು. ಅವ್ವ ಫೋನ್ ವಾಪಸ್ ಕೊಟ್ಟಳು.

"ಒಳಗಿದ್ರೆ ಏನಾಗಲ್ಲಂತೆ ಕಣ್ಲಾ. ನೀ ಮಗೀನ ಎತ್ಕಂಡು ಅಂಗಳದಲ್ಲಿ ನಿಂತಿದ್ಯಲ್ಲ, ಪೆದ್ದ ಯಾರೀಗ?"

ನಾನೇ ಅಂದೆ. ಅವ್ವ ರಾಗಿ ಮುದ್ದೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಸಂಜೆ

ಗ್ರೂಪಿನಲ್ಲಿ ನಟರಾಜ ನನ್ನ ಹೆಸರು ಹಿಡಿದು ಬರೆದಿದ್ದಾನೆ — "ವೃಷಭೇಂದ್ರ, ಮಗಿಗೆ ಕೇಳಿಸ್ತಾ?"

ಸೋಮಶೇಖರನ ಹೊಟ್ಟೆಯಲ್ಲಿ ಮಾತು ನಿಂತರೆ ಕೇಳಿ. ಎಲ್ಲರಿಗೂ ಹೇಳಿದ್ದಾನೆ. ಬುಧವಾರದಿಂದ ಅವರೆಲ್ಲ ಅಷ್ಟು ಹಾರಾಡಿದ್ದು ನೇರಳೆ ಬಣ್ಣಕ್ಕಲ್ಲ.

ಇಲ್ಲ ಅಂತ ಬರೆದೆ. ಆಮೇಲೆ ರಂಜಿತ ಮೇಡಂ — "ಯಾರಿಗೆ ಎಲ್ಲಿ ಮೋಡ ಕಂಡರೂ ಮೊದಲು ವೃಷಭೇಂದ್ರನಿಗೆ ಫೋನ್. ಫೋಟೋ ಆಮೇಲೆ." ಎಲ್ಲರೂ ಸರಿ ಅಂದರು. ವ್ಯಾನಿನಲ್ಲಿ ಕೂತು ಅತ್ತೆ. ಸಂತೋಷಕ್ಕೋ ಬೇಜಾರಿಗೋ ತಿಳಿಯಲಿಲ್ಲ.

ಏಪ್ರಿಲ್ 20, ಭಾನುವಾರ

ಮಳೆ ಇಲ್ಲ. ಫೋನ್ ಮಾತ್ರ ಸುರಿಯುತ್ತಿದೆ. ಬಣ್ಣಾರಿ ಕಡೆ ಕಪ್ಪಾಗಿದೆ, ಹಾಸನೂರಿನಲ್ಲಿ ಗಾಳಿ ತಿರುಗಿದೆ. ಕಡಲೂರಿನಿಂದ ನಟರಾಜ ಕೂಡ ಫೋನ್ ಮಾಡುತ್ತಾನೆ. ನಿನ್ನ ಮೋಡ ಇಲ್ಲಿಗೆ ಹೇಗೆ ಬರುತ್ತದಯ್ಯ ಅಂದರೆ, ಇರಲಿ, ಹೇಳಿದ್ದೇನೆ ಅನ್ನುತ್ತಾನೆ.

ಗುಡುಗಿನ ಸದ್ದು ಫೋನಿನಲ್ಲಿ ಹಾಕಿ ನೋಡೋಣ ಅಂದೆ. ಸುಧಾ ಬೇಡ ಅಂದಳು. "ಫೋನಲ್ಲಿ ಕೇಳ್ಸದ್ರೆ ಅದು ಫೋನೇಯ. ನಿಜ್ವಾದ್ದು ಬರ್ಲಿ." ಸರಿ.

ನಾನು ಅನೂನ ಕರೆಯುವುದನ್ನು ಎರಡು ದಿನದಿಂದ ಬಿಟ್ಟಿದ್ದೇನೆ. ಕರೆದು ಕರೆದು, ಅವಳು ತಿರುಗದೆ ಇರುವುದನ್ನು ನೋಡುವ ಧೈರ್ಯ ನನಗಿಲ್ಲ. ಮುಂದೆ ಹೋಗಿ ನಿಂತು ಕೈ ಆಡಿಸುತ್ತೇನೆ. ನಗುತ್ತಾಳೆ. ಅಷ್ಟು ಸಾಕು ಅಂದುಕೊಳ್ಳುತ್ತೇನೆ. ಸಾಕಾಗಲ್ಲ.

ಏಪ್ರಿಲ್ 28, ಸೋಮವಾರ, ಸಂಜೆ 6

ರಜೆ. ವ್ಯಾನ್ ತೊಳೆದೆ. ಸೋಮಶೇಖರ್ ಮಧ್ಯಾಹ್ನವೇ ಬರೆದ — "ಇವತ್ತು ಏನೂ ಇಲ್ಲ. ಎಲ್ಲರೂ ಮಲಗಿ." ಆಕಾಶದಲ್ಲಿ ಒಂದು ಕಡೆ ಬೂದು ಬಣ್ಣದ ಮೋಡ, ಗಿಡ್ಡ, ಯಾರೂ ಫೋಟೋ ತೆಗೆಯುವಂಥದ್ದಲ್ಲ.

ಸುಧಾ ಇವತ್ತು ಹೊಸ ಪಾಠ ಶುರು ಮಾಡಿದ್ದಾಳೆ. ಅವ್ವ ಹೊರಗೆ ನಿಂತು ಬಾಗಿಲು ತಟ್ಟುವುದು. ಅನು ಹೋಗಿ ತೆಗೆದು "ಯಾರು?" ಅನ್ನುವುದು. ಅವ್ವ "ನಾನು ಕಣವ್ವ, ಅಜ್ಜಿ" ಅನ್ನುವುದು. ಇಬ್ಬರಿಗೂ ಬೇಜಾರೇ ಇಲ್ಲ. ಅವ್ವನಿಗೆ ಕೈ ನೋವು ಬಂದ ಮೇಲೆ ನಿಂತಿತು.

ನಾನು ಮಂಚದ ಮೇಲೆ ಕೂತು ಇದನ್ನೇ ಬರೆಯುತ್ತಿದ್ದೆ. ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಅನು ನೆಲದ ಮೇಲೆ, ಸಿಪ್ಪೆಯ ಜೊತೆ ಆಟ. ಆಗ ಬಿಳಿಗಿರಿ ಕಡೆಯಿಂದ ಬಂತು. ಒಂದೇ. ಉದ್ದ, ದಪ್ಪ ದನಿ, ಲಾರಿ ಇರಬೇಕು ಅಂದುಕೊಳ್ಳುವಷ್ಟು ಮೆಲ್ಲಗೆ. ಮಿಂಚೂ ಕಾಣಲಿಲ್ಲ. ಗ್ರೂಪಿನಲ್ಲಿ ಯಾರಾದರೂ ಇದನ್ನು ಗುಡುಗು ಅಂದಿದ್ದರೆ ನಾನೇ ನಗುತ್ತಿದ್ದೆ.

ಅವ್ವನ ಕೈ ಅನೂನ ತಲೆಯ ಮೇಲಿನ ಮಿಷನ್ ಕಡೆ ಹೋಯಿತು. ಅರ್ಧಕ್ಕೆ ನಿಂತಿತು. ಕೈ ಹಿಂದೆ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದಳು. ತುಟಿ ಮಾತ್ರ ಮಾದಪ್ಪ ಮಾದಪ್ಪ ಅನ್ನುತ್ತಿತ್ತು.

ಅನು ಎದ್ದಳು. ಸಿಪ್ಪೆ ಕೆಳಗೆ ಹಾಕಿದಳು. ಸೀದಾ ಬಾಗಿಲಿಗೆ ಹೋಗಿ ಎರಡು ಕೈಯಲ್ಲಿ ಎಳೆದು ತೆಗೆದಳು. ಅಂಗಳದಲ್ಲಿ ಯಾರೂ ಇಲ್ಲ. ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಆಮೇಲೆ ಖಾಲಿ ಅಂಗಳಕ್ಕೆ ಕೇಳಿದಳು.

"ಯಾರು?"

ಸುಧಾ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಾಳೆ. ಅವ್ವ ಕಣ್ಣು ಬಿಟ್ಟಳು. ಮಗು ಕೇಳಿದೆ, ಯಾರಾದರೂ ಉತ್ತರ ಕೊಡಬೇಕಲ್ಲ.

"ಮಳೆ ಕಣವ್ವ" ಅಂದೆ. ಕೂತಲ್ಲಿಂದಲೇ. ಅವಳ ಬೆನ್ನು ನನ್ನ ಕಡೆ. ಕೂಗಿ ಹೇಳಿದ್ದಲ್ಲ, ಕೇಳಿಸಲಿ ಅಂತ ಹೇಳಿದ್ದೂ ಅಲ್ಲ.

ತಿರುಗಿದಳು.

ಸುಧಾ ಕಡೆ ಅಲ್ಲ, ಅವ್ವನ ಕಡೆ ಅಲ್ಲ. ನನ್ನ ಕಡೆ.

ಈಗ ತೊಡೆಯ ಮೇಲೆ ಕೂತಿದ್ದಾಳೆ. ಬರೆಯಲು ಬಿಡುತ್ತಿಲ್ಲ. ಫೋನ್ ಹೊಡೆದುಕೊಳ್ಳುತ್ತಿದೆ, ಸೋಮಶೇಖರ್ ಇರಬೇಕು, ಇರಲಿ. ನನ್ನ ತುಟಿ ಮುಟ್ಟಿ ಮುಟ್ಟಿ ಇನ್ನೊಂದು ಸಲ ಅನ್ನು ಅಂತ