ನೋವು ಕೊಡದ ಉರಿ

ಮಾರ್ಚ್ 3
ಸ್ಟುಡಿಯೋದಲ್ಲಿ ಮತ್ತೆ ಪಾಸ್‌ಪೋರ್ಟ್ ಫೋಟೊ ತೆಗೆಯುವ ಕೆಲಸ. ಐದು ತಿಂಗಳ ಹುಡುಗಿ. ಕ್ಯಾಮೆರಾ ಬಿಟ್ಟು ನನ್ನ ಮುಖವನ್ನೇ ನೋಡುತ್ತಾಳೆ, ಕಳ್ಳಿ! ಅವಳಮ್ಮ, "ಒಂಚೂರು ಎತ್ಕೊಳ್ತೀರಾ?" ಅಂದರು. ಎತ್ತಿಕೊಂಡೆ. ನನ್ನ ಹೊಟ್ಟೆಯಲ್ಲಿ ನಿಲ್ಲದೆ ಜಾರಿದ ಎರಡಕ್ಕೂ ಇಷ್ಟು ಭಾರವಾಗುವ ಪುರುಸೊತ್ತೇ ಸಿಗಲಿಲ್ಲ. ವಾಪಸ್ ಕೊಡಲು ಮನಸ್ಸೇ ಬರಲಿಲ್ಲ.

ಮಾರ್ಚ್ 9
ಹೋದ ವಾರ ಮಾಡಿಸಿದ ಪರೀಕ್ಷೆಯ ರಿಪೋರ್ಟ್ ಬಂತು. ಕ್ರಾನಿಕ್ ಎಂಡೊಮೆಟ್ರೈಟಿಸ್. ಗರ್ಭಕೋಶದ ಒಳಪದರದಲ್ಲಿ ಬಹುಕಾಲದ ಉರಿಯೂತವಂತೆ.
"ನೋವಿಲ್ಲ, ಜ್ವರ ಇಲ್ಲ, ಇದೆಲ್ಲಿಂದ ಬಂತು ಡಾಕ್ಟ್ರೇ?"
"ಬೂದಿ ಮುಚ್ಚಿದ ಕೆಂಡ ಕಣಮ್ಮ ಇದು. ಸ್ಕ್ಯಾನ್‌ನಲ್ಲೂ ಎಷ್ಟೋ ಸಲ ಕಾಣಲ್ಲ. ಆ ಪದರದ ಒಂದು ಚೂರು ತೆಗೆದು ಪರೀಕ್ಷೆ ಮಾಡಿದ್ರೇ ಗೊತ್ತಾಗೋದು. ಮಗು ಅಂಟಿಕೊಳ್ಳೋ ಜಾಗ ಅದು. ಅಲ್ಲೇ ಉರಿ ಇದ್ರೆ ನಿಲ್ಲೋದು ಕಷ್ಟ ಆಗಬಹುದು."
ಎರಡು ವಾರ ಮಾತ್ರೆ. ಆಮೇಲೆ ಮತ್ತೆ ಪರೀಕ್ಷೆ. ಅಲ್ಲಿಯವರೆಗೆ ಮಗುವಿನ ಪ್ರಯತ್ನ ಬೇಡ.
ಬಸ್ಸಿನಲ್ಲಿ ಅತ್ತುಬಿಟ್ಟೆ... ಸಮಾಧಾನಕ್ಕೆ. ತಪ್ಪು ನನ್ನದಲ್ಲ, ಕಾಯಿಲೆಯದ್ದು.

ಮಾರ್ಚ್ 14
ಮಾತ್ರೆಗೆ ಹೊಟ್ಟೆ ತೊಳಸುತ್ತದೆ. ಪ್ರತಿ ಸಲವೂ ಅತ್ತೆ ಬಿಸಿ ಹಾಲಿನ ಲೋಟ ಹಿಡಿದು ಹಾಜರು. "ಬರೀ ನೀರಲ್ಲಿ ನುಂಗ್ತಾರೇನೇ? ಕರುಳು ಸುಟ್ಟೋಗುತ್ತೆ!" ಕುಡಿಯುವ ತನಕ ಕದಲುವುದಿಲ್ಲ. ಗಂಡನೆಂಬ ಪ್ರಾಣಿ ಹಿಂದೆ ನಿಂತು ಮುಸಿಮುಸಿ ನಗುತ್ತದೆ. ಮೊಮ್ಮಗುವಿನ ಆಸೆ ಅತ್ತೆಗೆ ನನಗಿಂತ ಒಂದು ಕೈ ಹೆಚ್ಚೇ.

ಏಪ್ರಿಲ್ 20
ಮರುಪರೀಕ್ಷೆಯ ರಿಪೋರ್ಟ್. ಉರಿಯೂತ ಹೋಗಿಲ್ಲ. ಹಾಗೇ ಇದೆ.
ಮಾತ್ರೆ ಹೇಗೆ ತೆಗೆದುಕೊಂಡಿರಿ ಎಂದು ಡಾಕ್ಟರ್ ಕೇಳಿದರು. ಹಾಲಿನ ವಿಷಯ ಹೇಳಿದೆ. ಹಣೆ ಚಚ್ಚಿಕೊಂಡರು. "ಈ ಮಾತ್ರೆಗೂ ಹಾಲಿಗೂ ಆಗಿಬರಲ್ಲಮ್ಮ. ಔಷಧಿ ಮೈಗೆ ಹತ್ತೋದು ಕಡಿಮೆ ಆಗುತ್ತೆ. ಅದೊಂದೇ ಕಾರಣ ಅನ್ನಲ್ಲ, ಆದ್ರೆ ಇನ್ಮೇಲೆ ನೀರಲ್ಲೇ ತಗೊಳ್ಳಿ."
ಸಿಟ್ಟು ನೆತ್ತಿಗೇರಿತು. ಮನೆಗೆ ಬಂದವಳೇ ಚಪ್ಪಲಿ ಕಳಚುವ ಮೊದಲೇ ಅತ್ತೆಯ ಮೇಲೆ ಹರಿಹಾಯ್ದೆ. ಅವರು "ನನ್ನ ಕೈಯಾರೆ..." ಎಂದು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು. ಛೆ. ನಾನೂ ಪಕ್ಕದಲ್ಲಿ ಕೂತೆ. ಇಬ್ಬರಿಗೂ ಅಳು ತಡೆಯಲಾಗಲಿಲ್ಲ.

ಜೂನ್ 11
ಎರಡನೇ ಸುತ್ತಿನ ಮಾತ್ರೆ ಮುಗಿಸಿದ ಮೇಲಿನ ರಿಪೋರ್ಟ್. ಉರಿಯೂತ ಇಲ್ಲ! "ಈಗ ಪ್ರಯತ್ನ ಮಾಡಬಹುದು, ಆದ್ರೆ ಗ್ಯಾರಂಟಿ ಕೊಡಲ್ಲ" ಅಂದರು ಡಾಕ್ಟರ್.
ಅತ್ತೆ ಕೈ ಹಿಡಿದುಕೊಂಡರು. "ಮಗು ಆಗ್ಲಿ, ಬಿಡ್ಲಿ, ನನ್ನ ಮೇಲೆ ಬೇಜಾರು ಇಟ್ಕೋಬೇಡ ಕಣೇ."
"ಬೇಜಾರಿಲ್ಲ ಅತ್ತೆ. ಆದ್ರೆ ನಂಗೆ ಮಗು ಬೇಕು. ತುಂಬಾ ಬೇಕು."
ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಸೆಪ್ಟೆಂಬರ್ 2, ಬೆಳಿಗ್ಗೆ
ಮುಟ್ಟು ನಿಂತಿದೆ. ಪರೀಕ್ಷೆಯ ಕಡ್ಡಿಯಲ್ಲಿ ಎರಡು ಗೆರೆ. ಗಂಡನಿಗೂ ಹೇಳಿಲ್ಲ, ಅತ್ತೆಗೂ ಇಲ್ಲ. ಬರೆದರೆ ದೃಷ್ಟಿಯಾದೀತೇನೋ... ಆಗಲಿ, ಯಾರಿಗಾದರೂ ಹೇಳಲೇಬೇಕಲ್ಲ. ನಿನಗೇ ಹೇಳುತ್ತೇನೆ. ಈ ಸಲ ಜಾಗ ಚೆನ್ನಾಗಿದೆ ಕಂದಾ. ಉರಿಯಿಲ್ಲ. ಬಂದದ್ದು ಬಂದಿದ್ದೀಯ, ಇರು. ಇನ್ನೊಂದಿಷ್ಟು ದಿನ. ಆಮೇಲೆ ಇನ್ನೊಂದಿಷ್ಟು—