ವಿಳಾಸವಿಲ್ಲದ ಗಂಟೆ

ಆಫೀಸಿನ ಮಹಡಿ ಕೋಣೆ,
ನವೆಂಬರ್ ೬, ಗುರುವಾರ

ಪ್ರೀತಿಯ ಮಗಳೇ,

ನಿನ್ನ ಅಮ್ಮನ ಮಂಡಿ ಹೇಗಿದೆ? ಗೋಡೆ ಹಿಡಿಯದೆ ನಡೆಯುತ್ತಿದ್ದಾರಾ? ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು. ನೋಡಿಕೊಳ್ಳುವವಳೇ ಹಾಸಿಗೆ ಹಿಡಿದರೆ ನಿನ್ನ ಗಂಡ ಅಡುಗೆ ಮಾಡಲು ಅಲ್ಲಿಗೂ ಬಂದುಬಿಡುತ್ತಾನೆ. ಆ ಶಿಕ್ಷೆಯನ್ನು ಸದ್ಯ ನಾನೊಬ್ಬನೇ ಅನುಭವಿಸುತ್ತಿದ್ದೇನೆ. ಕಳೆದ ಶುಕ್ರವಾರ ಅಷ್ಟೊಂದು ಸಲ ಯಾಕೆ ಫೋನ್ ಮಾಡಿದ್ದು ಎಂದು ನೀನು ಕೇಳಿದಾಗ ‘ಸುಮ್ಮನೆ’ ಅಂದುಬಿಟ್ಟೆ. ಪಕ್ಕದಲ್ಲಿ ಅವನಿದ್ದ. ಅವನೆದುರು ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಲಿಫ್ಟ್ ರಿಪೇರಿ ಆಫೀಸಿನ ಹಳೆಯ ಕಂಪ್ಯೂಟರ್ ಪ್ರೋಗ್ರಾಮಿನ ಹಣೆಬರಹ ನಿನಗೆ ಗೊತ್ತೇ ಇದೆ. ಬಿಲ್ಲು, ಬಿಡಿಭಾಗ, ಹಾಜರಿ, ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಕರೆ, ಎಲ್ಲವೂ ಒಂದೇ ಗಂಟು. ಒಂದಕ್ಕೆ ನೆಗಡಿಯಾದರೆ ಎಲ್ಲವೂ ಮಲಗುತ್ತಿದ್ದವು. ನೀನು ಅಮ್ಮನ ಊರಿಗೆ ಹೊರಡುವ ಮೊದಲು ಹಟ ಹಿಡಿದು ಕರೆಯ ಭಾಗವನ್ನು ಮಾತ್ರ ಬೇರೆ ಮಾಡಿದೆ. ಇಲ್ಲಿನ ಲಿಫ್ಟುಗಳ ಜೊತೆಗೆ, ನಿನ್ನ ಅಮ್ಮನ ಕಟ್ಟಡದ್ದೂ ಸೇರಿ ಆ ಊರಿನವನ್ನೂ ಹೊಸದಕ್ಕೆ ತಂದೆ. ‘ಉಳಿದದ್ದನ್ನೂ ಒಂದೊಂದಾಗಿ ಬಿಡಿಸೋಣ ಮಾವ, ಅವಸರ ಬೇಡ’ ಅಂದಿದ್ದೆ. ನಾನು ಗೊಣಗಿದ್ದೆ.

ಶುಕ್ರವಾರ ತಿಂಗಳ ಕೊನೆ. ಬಿಲ್ಲು ಶುರುವಾದದ್ದೇ ತಡ, ಹಳೆಯದು ಎಂದಿನಂತೆ ಕಣ್ಣು ಮುಚ್ಚಿತು. ಅಷ್ಟರಲ್ಲೇ ಲಿಫ್ಟಿನ ಗಂಟೆ ಹೊಡೆಯಿತು. ಮೊದಲಿನ ಹಾಗಿದ್ದರೆ ಅದೂ ಸದ್ದಿಲ್ಲದೆ ಸತ್ತಿರುತ್ತಿತ್ತು. ಪರದೆ ನೋಡಿದರೆ ಲಿಫ್ಟಿನ ನಂಬರು ಇದೆ, ವಿಳಾಸದ ಜಾಗ ಖಾಲಿ. ಯಾವ ನಂಬರು ಯಾವ ಕಟ್ಟಡದ್ದು ಎಂಬುದು ಹಳೆಯದಕ್ಕೆ ಮಾತ್ರ ಗೊತ್ತು, ಪ್ರತಿ ಸಲವೂ ಹೊಸದು ಅದನ್ನೇ ಕೇಳುತ್ತಿತ್ತಂತೆ. ಬೇರೆ ಸಂಸಾರ ಹೂಡಿದವರು ಉಪ್ಪಿಗೆ ಹಳೆಮನೆಗೇ ಹೋದ ಹಾಗೆ. ಈಗ ಆ ಮನೆಗೇ ಬೀಗ.

ಫೋನಿನಲ್ಲಿ ಗರಗರ ಸದ್ದು, ಅದರ ನಡುವೆ ಒಬ್ಬ ಹೆಣ್ಣುಮಗಳ ಅಳು. ‘ಉಸಿರು ಕಟ್ತಾ ಇದೆ’ ಅನ್ನುವುದು ಬಿಟ್ಟರೆ ಏನೂ ತಿಳಿಯದು. ಎಲ್ಲಿದ್ದೀಯಮ್ಮ ಎಂದರೆ ಮತ್ತೆ ಅದೇ. ನಿನ್ನ ಗಂಡ ಹಳೆಯದನ್ನು ಎಬ್ಬಿಸಲು ಒದ್ದಾಡುತ್ತಿದ್ದ. ಮೆಕ್ಯಾನಿಕ್ ಗಾಡಿ ಸ್ಟಾರ್ಟ್ ಮಾಡಿ ಯಾವ ಕಡೆಗೆ ಹೋಗಲಿ ಎಂದು ನನ್ನ ಮುಖ ನೋಡುತ್ತಿದ್ದ. ನನ್ನ ಒಂದು ಕೈಯಲ್ಲಿ ಆ ಫೋನು, ಇನ್ನೊಂದರಲ್ಲಿ ನನ್ನ ಮೊಬೈಲು.

ಆಗ ನೆನಪಾದದ್ದು ಪ್ರತಿ ಲಿಫ್ಟಿನಲ್ಲೂ ಗಂಟೆಯ ಗುಂಡಿಯ ಕೆಳಗೆ ನೀನು ಅಂಟಿಸಿದ್ದ ಚೀಟಿ. ‘ತಾವಿರೋ ಕಟ್ಟಡದ ಹೆಸರು ಯಾರಾದ್ರೂ ಮರೀತಾರಾ’ ಎಂದು ನಾನು ನಕ್ಕಿದ್ದೆನಲ್ಲ, ಅದೇ. ಹೆದರಿದವರು ತಮ್ಮ ಹೆಸರನ್ನೂ ಮರೆಯುತ್ತಾರೆ. ‘ಗುಂಡಿ ಕೆಳಗೆ ಬರೆದಿದೆ, ಓದಮ್ಮ’ ಎಂದು ಗಂಟಲು ಹರಿಯುವಂತೆ ಕೂಗಿದೆ. ಬಿಕ್ಕುತ್ತಾ ಒಂದೊಂದೇ ಅಕ್ಷರ ಓದಿದಳು. ಪಕ್ಕದ ಬೀದಿಯ ಬ್ಯಾಂಕಿನ ಕಟ್ಟಡ. ಇಂಟರ್‌ವ್ಯೂಗೆ ಬಂದಿದ್ದ ಹುಡುಗಿಯಂತೆ. ಬಾಗಿಲು ತೆಗೆದಾಗ ಮೆಕ್ಯಾನಿಕ್‌ನ ತೋಳನ್ನು ಬಿಡಲೇ ಇಲ್ಲವಂತೆ.

ಸಂಜೆ ಮನೆಯಲ್ಲಿ ಜಗಳ. ‘ಬೇರೆ ಮಾಡಿದ್ದಕ್ಕೇ ಹೀಗಾಯ್ತು, ಮೊದಲಿನ ಹಾಗೇ ಸೇರಿಸಿಬಿಡೋಣ’ ಎಂದು ಇವನು. ‘ಸೇರಿಕೊಂಡೇ ಇದ್ದಿದ್ರೆ ಗಂಟೆಯೇ ಹೊಡೀತಿರಲಿಲ್ಲ ಕಣೋ. ಬೇರೆ ಮಾಡಿದ್ದು ತಪ್ಪಲ್ಲ, ಅರ್ಧಕ್ಕೇ ನಿಂತದ್ದು ತಪ್ಪು’ ಎಂದೆ. ಎರಡು ದಿನ ಅದೇ ವಾದ. ಆಮೇಲೆ ಅವನೇ ಕೂತು ಎಲ್ಲ ವಿಳಾಸಗಳನ್ನೂ ಕರೆಯ ಭಾಗದೊಳಕ್ಕೇ ಹಾಕಿದ. ನಿನ್ನೆ ಹಳೆಯದನ್ನು ಬೇಕೆಂದೇ ಬಂದ್ ಮಾಡಿ, ನಾನೇ ಲಿಫ್ಟಿನೊಳಗೆ ನಿಂತು ಗಂಟೆ ಒತ್ತಿದೆ. ಕರೆ ವಿಳಾಸ ಸಮೇತ ಆಫೀಸಿಗೆ ಹೋಯಿತು. ಮುಂದೆ ಬಿಡಿಸಬೇಕಾದದ್ದು ಬಿಲ್ಲು. ಅದನ್ನು ನೀನು ಬಂದೇ ಮಾಡು, ಅಲ್ಲಿಯವರೆಗೆ ಯಾರನ್ನೂ ಮುಟ್ಟಗೊಡುವುದಿಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಿನಗೆ ಎಲ್ಲವೂ ಒಳ್ಳೆಯದಾಗಲಿ, ತಾಯಿ.

ನಿನ್ನ
ಮಾವ

ತಾ.ಕ.: ಅಂಚೆಗೆ ಹೊತ್ತಾಯಿತು, ಆದರೂ ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ಆ ಅಳು ಕೇಳಿದಾಗ ನೀನೇ ಎಂದುಕೊಂಡೆ. ನೀನು ಫೋನ್ ಎತ್ತಲಿಲ್ಲ. ಹುಡುಗಿ ಕೊನೆಯ ಅಕ್ಷರ ಓದಿ ಅದು ನಿಮ್ಮ ಕಟ್ಟಡವಲ್ಲ ಎಂದು ತಿಳಿಯುವವರೆಗೂ ನಿನಗೇ ಫೋನ್ ಮಾಡುತ್ತಿದ್ದೆ. ಮೊನ್ನೆ ಇವನು ಹಾಕಿದ ಮೊದಲ ವಿಳಾಸ ಯಾವುದು ಎಂದು ಹಿಂದೆ ನಿಂತು ನೋಡಿದೆ. ನಾನು ಹೇಳಿಕೊಟ್ಟಿರಲಿಲ್ಲ. ನಿಮ್ಮ ಕಟ್ಟಡದ್ದೇ.