ಗುಬ್ಬಿಯ ಸ್ಕ್ರಿಪ್ಟ್

ಮಾರ್ಚ್ 3, ಸಂಜೆ

ಇಡೀ ದಿನ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜಿದೆ. ರೂಮಿಗೆ ಬಂದವಳೇ ಕಂಪ್ಯೂಟರಿನಲ್ಲಿ ಆಟ ತೆರೆದೆ. ಗಾಡಿ ತುಂಬಿ ನಿಂತಿತ್ತು. ಈ ಆಟದಲ್ಲಿ ನಾವು ಪ್ರೋಗ್ರಾಂ ಬರೆಯದೆ ಏನೂ ಅಲುಗುವುದಿಲ್ಲ. ಗಣಿ ಅಗೆಯುವ ಸ್ಕ್ರಿಪ್ಟ್ ನನ್ನದು, ತುಂಬಿದ ಗಾಡಿ ಸಾಗಿಸುವುದು ರೂಮಿನ ಗೆಳತಿ ಗುಬ್ಬಿಯದು. ನನ್ನದು ಮುಗಿದೊಡನೆ ತನ್ನ ಮಂಚದಿಂದಲೇ ಕೈ ಚಾಚಿ ಬಟನ್ ಒತ್ತುತ್ತಿದ್ದಳು. ನಾಲ್ಕು ವರ್ಷ ಒಂದೇ ರೂಮು. ಈಗ ಮದುವೆಯಾಗಿ ಹೋಗಿದ್ದಾಳೆ. ಮಂಚದ ಮೇಲೆ ಒಗೆಯದ ಬಟ್ಟೆ.

ನನ್ನ ಸ್ಕ್ರಿಪ್ಟೇ ಅವಳದನ್ನು ಶುರು ಮಾಡುವಂತೆ ಬರೆಯಬೇಕು.

ಮಾರ್ಚ್ 5

ಆಗಲಿಲ್ಲ. ಕೊನೆಯ ಸಾಲಿನಲ್ಲಿ ಅವಳ ಫೈಲನ್ನು ಕರೆದೆ. 'ಮೆಮೊರಿ ಸಾಲದು' — ಕೆಂಪು ಅಕ್ಷರ. ಫೋನ್ ಮಾಡಿದೆ.

"ಲೇ ಗುಬ್ಬಿ, ನಿನ್ನ ಸ್ಕ್ರಿಪ್ಟು ನನ್ನ ಮಾತೇ ಕೇಳ್ತಿಲ್ಲ ಕಣೆ."

"ಯಾವ ಸ್ಕ್ರಿಪ್ಟೇ? ಓ, ಆಟದ್ದಾ! ಇನ್ನೂ ಆಡ್ತೀಯಾ? ಇರು... ಬಂದೆ ಅತ್ತೆ! ಆಮೇಲೆ ಮಾಡ್ತೀನಿ ಕಣೆ."

ಸರಿ.

ಮಾರ್ಚ್ 16

ಮಾಡಲಿಲ್ಲ.

ಇವತ್ತು ತಾನಾಗಿ ಹೊಳೆಯಿತು. ಎರಡೂ ಒಟ್ಟಿಗೆ ಓಡಲು ಜಾಗ ಸಾಲದು, ಅಷ್ಟೇ. ತಾನು ಮುಚ್ಚಿಕೊಂಡು ಇನ್ನೊಂದನ್ನು ಶುರು ಮಾಡುವ ಬೇರೆ ಕಮಾಂಡೇ ಇದೆ. ಹಾಕಿದೆ. ಗಾಡಿ ಅಲುಗಿತು... ಹೊರಟೇಬಿಟ್ಟಿತು! ಒಬ್ಬಳೇ ಚಪ್ಪಾಳೆ ತಟ್ಟಿದೆ. ಪಕ್ಕದ ರೂಮಿನವರು ಗೋಡೆ ಬಡಿದರು.

ಮಾರ್ಚ್ 17

ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುವಂತಿತ್ತು. ಅಂಗಡಿ ಯಜಮಾನರೇ ಸಿಕ್ಕರು.

"ಸಾರ್, ಕೊನೆಗೂ ಓಡಿಸ್ಬಿಟ್ಟೆ!"

"ಯಾರನ್ನಮ್ಮಾ? ಗಿರಾಕೀನಾ?"

ನಕ್ಕೆ. ವಿವರಿಸಲು ಹೋಗಲಿಲ್ಲ.

ಮಾರ್ಚ್ 29, ಭಾನುವಾರ

ಗುಬ್ಬಿ ಬಂದಳು! ಗಂಡ ಕೆಳಗೆ ಬಿಟ್ಟು ಹೋದನಂತೆ, ಐದಕ್ಕೆ ಬರುತ್ತಾನೆ. ಸೊರಗಿದ್ದಾಳೆ. ಬಟ್ಟೆ ಸರಿಸಿ ಮಂಚದ ಮೇಲೆ ಕೂತಳು.

"ತೋರ್ಸೇ, ಹೇಗೆ ಮಾಡ್ದೆ?"

ತೋರಿಸಿದೆ. ಗಾಡಿ ಹೊರಟಾಗ ಕಣ್ಣರಳಿಸಿದಳು.

"ಅಯ್ಯೋ, ನಾನಿಲ್ದೇನೂ ಓಡತ್ತಲ್ಲೇ!"

"ಓಡ್ತಿರೋದು ನಿಂದೇ ಕಣೆ. ನಂದು ಆಗ್ಲೇ ನಿಂತೋಯ್ತು."

ತಿರುಗಿದರೆ — ಗೋಡೆಗೊರಗಿ ನಿದ್ದೆ ಹೋಗಿದ್ದಾಳೆ. ಆ ಮನೆಯಲ್ಲಿ ಹಗಲು ಕಣ್ಣು ಮುಚ್ಚುವ ಹಾಗಿಲ್ಲ ಎಂದು ಆಗಷ್ಟೇ ಹೇಳಿದ್ದಳು. ಹೊದಿಕೆ ಹೊದಿಸಿದೆ. ಎಷ್ಟೊಂದು ಮಾತು ಕೂಡಿಟ್ಟಿದ್ದೆ. ಇರಲಿ. ಫ್ಯಾನು ಸಣ್ಣಗೆ ಮಾಡಿ ಇದನ್ನು ಬರೆಯುತ್ತಿದ್ದೇನೆ. ಅವಳ ಉಸಿರು ಕೇಳಿಸುತ್ತಿದೆ. ಈ ರೂಮಿನಲ್ಲಿ ಇನ್ನೊಬ್ಬರ ಉಸಿರು.

ಕೆಳಗೆ ಹಾರ್ನ್. ಐದಾಯಿತೇನೋ. ಎಬ್ಬಿಸಬೇಕು.

ಇನ್ನೊಂದು ಸಲ ಹೊಡೆಯಲಿ, ಆಗ —